ಬೈಪಾಸ್ ಆದ ಮೇಲೆ ಮತ್ತೆ ಬುಲೆಟ್ ಹತ್ತಬಹುದಾ? ಅನುಭವ ಇದ್ದವರು ಹೇಳಿ

ಹಾಸನದ_ಬುಲೆಟ್
ಎಲ್ಲರಿಗೂ ನಮಸ್ಕಾರ. ನನಗೆ 54 ವರ್ಷ. ಮೂರು ಬ್ಲಾಕ್ ಇತ್ತು, ಎದೆ ತೆರೆದು ಬೈಪಾಸ್ ಮಾಡಿದ್ದಾರೆ. ಎರಡು ತಿಂಗಳಾಗುತ್ತಾ ಬಂತು. ಬ್ಲಾಕ್ ದಾಟಿಸಿ ಹೃದಯಕ್ಕೆ ಜೋಡಿಸಲು ಎಡಗಾಲಿನಿಂದ ರಕ್ತನಾಳ ತೆಗೆದಿದ್ದಾರೆ, ಪಾದ ಸಂಜೆ ಹೊತ್ತಿಗೆ ಸ್ವಲ್ಪ ಊದುತ್ತೆ. ಬಿಟ್ಟರೆ ಆರಾಮಾಗಿದ್ದೇನೆ. ಬೆಳಿಗ್ಗೆ ಸಂಜೆ ನಡೆಯುತ್ತೇನೆ, ಉಸಿರು ಕಟ್ಟಲ್ಲ, ಊಟ ಸೇರುತ್ತೆ.

ಈಗ ಗಾಡಿ ವಿಷಯ. ನನ್ನದು ಹಳೇ ಬುಲೆಟ್ 350. ಬಲಗಡೆ ಗೇರು, ಎಡಗಡೆ ಬ್ರೇಕು. ಸೆಲ್ಫ್ ಇಲ್ಲ, ಕಿಕ್ ಮಾತ್ರ. ಡಿಸ್ಚಾರ್ಜ್ ದಿನ ಕೇಳಿದ್ದಕ್ಕೆ ಸರ್ಜನ್ "ಮೂರು ತಿಂಗಳು ಟೂ ವೀಲರ್ ಮುಟ್ಟಬೇಡಿ, ಆಮೇಲೆ ನೋಡೋಣ" ಅಂದರು. ಏನು ನೋಡೋದು, ಹೇಗೆ ನೋಡೋದು ಅಂತ ಕೇಳುವಷ್ಟರಲ್ಲಿ ಮುಂದಿನ ಬೆಡ್ಡಿಗೆ ಹೋಗಿಬಿಟ್ಟರು. ಮನೆಯವಳು ಕೀ ತೆಗೆದು ತನ್ನ ತಮ್ಮನ ಕೈಗೆ ಕೊಟ್ಟಿದ್ದಾಳೆ. ಅವನು "ಭಾವ, ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ ಇಡ್ತೀನಿ" ಅನ್ನುತ್ತಾನೆ. ಮಾಡುತ್ತಾನೋ ಇಲ್ಲವೋ ದೇವರಿಗೇ ಗೊತ್ತು.

ನನ್ನ ಪ್ರಶ್ನೆ ಇಷ್ಟೇ. ಬೈಪಾಸ್ ಆಗಿ ಮತ್ತೆ ಬೈಕ್ ಓಡಿಸಿದವರು ಇಲ್ಲಿ ಇದ್ದೀರಾ? ಎಷ್ಟು ದಿನಕ್ಕೆ ಹತ್ತಿದಿರಿ? ಸಕಲೇಶಪುರ, ಬಿಸಿಲೆ ಘಾಟಿ ಕಡೆ ಹೋಗುವ ಆಸೆ ಇಟ್ಟುಕೊಳ್ಳಬಹುದಾ? ಇನ್ನೊಂದು, ಎಡಗೈ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದ ಹಾಗಿದೆ. ಇದು ಬೇರೆ ಯಾರಿಗಾದರೂ ಆಗಿತ್ತಾ?

ರೋಡ್_ರಾಜ
ಮೊದಲು ಆರೋಗ್ಯ ಸರ್. ಗಾಡಿ ಎಲ್ಲೂ ಓಡಿ ಹೋಗಲ್ಲ.

ತುಮಕೂರು_ಟಾಪ್‌ಗೇರ್
ಭಾಮೈದನ ಕೈಯಲ್ಲಿ ಕೀ ಇದ್ದರೆ ಓಡಿ ಹೋಗುತ್ತೆ ಗುರು 😄

ಮೈಸೂರು_ಯೆಜ್ಡಿ
ಸರ್, ನನಗೂ ಬೈಪಾಸ್ ಆಗಿದೆ. ಕೆಲವು ವರ್ಷ ಆಯ್ತು. ಈಗ ನನಗೆ 61. ಇವತ್ತೂ ಓಡಿಸುತ್ತೇನೆ. ಹಾಗಾಗಿ ಹೆದರಬೇಡಿ, ಅವಸರವನ್ನೂ ಮಾಡಬೇಡಿ.

ಯಾರೂ ಹೇಳದ ಒಂದು ಮಾತು ಹೇಳುತ್ತೇನೆ. ಗಾಡಿ ಓಡುವಾಗ ಏನೂ ಕಷ್ಟ ಇಲ್ಲ. ನಿಂತಾಗಲೇ ಕಷ್ಟ. ಶೆಡ್ಡಿನಿಂದ ಹಿಂದಕ್ಕೆ ಎಳೆಯುವುದು, ಡಬಲ್ ಸ್ಟ್ಯಾಂಡ್ ಹಾಕುವುದು, ಇಳಿಜಾರಲ್ಲಿ ನಿಲ್ಲಿಸಿದ್ದನ್ನು ತಳ್ಳುವುದು. ಡಬಲ್ ಸ್ಟ್ಯಾಂಡ್ ಹಾಕುವಾಗ ಗಮನಿಸಿ. ಕಾಲು ತುಳಿಯುತ್ತೆ, ಬಲಗೈ ಸೀಟಿನ ಹಿಂದಿನ ಕಂಬಿ ಹಿಡಿದು ಮೇಲಕ್ಕೆ ಎಳೆಯುತ್ತೆ, ಎಡಗೈ ಹ್ಯಾಂಡಲ್ ನೂಕುತ್ತೆ. ಒಂದು ಕೈ ಎಳೆಯುವುದು, ಒಂದು ಕೈ ನೂಕುವುದು, ಮಧ್ಯದಲ್ಲಿ ಇರುವುದು ನಮ್ಮ ಸೀಳಿದ ಎದೆಮೂಳೆ. ನಾನು ಮೊದಲ ಆರು ತಿಂಗಳು ಸೈಡ್ ಸ್ಟ್ಯಾಂಡ್ ಬಿಟ್ಟು ಬೇರೆ ಹಾಕಲಿಲ್ಲ. ಪಾರ್ಕಿಂಗ್‌ನಲ್ಲಿ ಯಾರಾದರೂ ಹುಡುಗನನ್ನು ಕರೆದು "ಸ್ವಲ್ಪ ತೆಗೆದುಕೊಡಪ್ಪಾ" ಅನ್ನುತ್ತಿದ್ದೆ. ನಾಚಿಕೆ ಗೀಚಿಕೆ ಏನೂ ಇಲ್ಲ.

ಬೆರಳು ಜೋಮು ನನಗೂ ಇತ್ತು. ತಾನಾಗೇ ಹೋಯಿತು, ಆದರೆ ತಿಂಗಳುಗಟ್ಟಲೆ ತೆಗೆದುಕೊಂಡಿತು.

ಓಟಿ_ಸಿಸ್ಟರ್
ನಾನು ಹೃದಯದ ಆಪರೇಷನ್ ಥಿಯೇಟರಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಡಾಕ್ಟರ್ ಅಲ್ಲ. ನಿಮ್ಮ ಸರ್ಜನ್ ಹೇಳಿದ್ದೇ ಕೊನೆಯ ಮಾತು. ಸುಮ್ನೆ ತಿಳಿದುಕೊಳ್ಳಲಿ ಅಂತ ಬರೆಯುತ್ತಿದ್ದೇನೆ.

ಎದೆಮೂಳೆಯನ್ನು ಉದ್ದಕ್ಕೆ ಕೊಯ್ದು, ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿಯಿಂದ ಬಿಗಿದು ಕಟ್ಟುತ್ತಾರೆ. ತಂತಿ ಒಳಗೇ ಇರುತ್ತೆ, ತೆಗೆಯಲ್ಲ. ಮೂಳೆ ಒಂದಕ್ಕೊಂದು ಹಿಡಿಯಲು ಆರರಿಂದ ಎಂಟು ವಾರ ಬೇಕು. ಪೂರ್ತಿ ಗಟ್ಟಿಯಾಗಲು ಮೂರು ತಿಂಗಳು. ಶುಗರ್ ಇದ್ದವರಿಗೆ, ಸಿಗರೇಟ್ ಸೇದುವವರಿಗೆ, ತುಂಬಾ ಕೆಮ್ಮು ಇದ್ದವರಿಗೆ ಇನ್ನೂ ನಿಧಾನ. ಅಲ್ಲಿಯವರೆಗೆ ಭಾರ ಎತ್ತಬೇಡಿ, ಎಳೆಯಬೇಡಿ, ತಳ್ಳಬೇಡಿ ಅನ್ನುವುದು ಇದಕ್ಕೇ. ತುಂಬಿದ ಬಿಂದಿಗೆಯೇ ಬೇಡ ಅಂದಿರುವಾಗ ಬುಲೆಟ್ ಎಲ್ಲಿ ಬಂತು?

ಬೆರಳು ಜೋಮು ಯಾಕೆ ಅಂದರೆ, ಆಪರೇಷನ್ ವೇಳೆ ಎದೆಗೂಡನ್ನು ಎರಡು ಕಡೆಗೆ ಅಗಲಿಸಿ ಹಿಡಿದಿರುತ್ತಾರೆ. ಆಗ ಹೆಗಲ ಹತ್ತಿರ ಕೈಗೆ ಹೋಗುವ ನರಗಳು ಎಳೆದ ಹಾಗಾಗುತ್ತವೆ. ಸಾಮಾನ್ಯವಾಗಿ ಕಿರುಬೆರಳು, ಉಂಗುರ ಬೆರಳಿಗೇ ಬರುತ್ತೆ. ಹೆಚ್ಚಿನವರಿಗೆ ವಾಸಿ ಆಗುತ್ತೆ. ಆದರೆ ಅದೇ ಕೈಯಲ್ಲಿ ಕ್ಲಚ್ ಹಿಡಿಯಬೇಕಲ್ವಾ? ಮುಷ್ಟಿ ಬಿಗಿ ಬರುವವರೆಗೆ ಕಾಯಿರಿ. ಡಾಕ್ಟರಿಗೂ ಹೇಳಿ. ಎಡಗಡೆ ಎದೆ ಮೇಲೆ ಸ್ಪರ್ಶ ಕಡಿಮೆ ಅನ್ನಿಸಿದರೂ ಗಾಬರಿ ಬೇಡ, ಎದೆಗೂಡಿನ ಒಳಗಿನ ರಕ್ತನಾಳ ಬಳಸಿದ್ದರೆ ಹಾಗಾಗುತ್ತೆ.

ಒಂದೇ ಒಂದು ಎಚ್ಚರಿಕೆ. ಮಗ್ಗುಲಾಗುವಾಗ, ಕೆಮ್ಮುವಾಗ ಎದೆಯಲ್ಲಿ ಕಟ್ ಕಟ್ ಅಂದರೆ, ಗಾಯ ಕೆಂಪಾದರೆ, ನೀರು ಸೋರಿದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಇಲ್ಲಿ ಬಂದು ಪ್ರಶ್ನೆ ಹಾಕಬೇಡಿ.

ನೇರಮಾತು
ನಾನು ಕೇಳುವುದು ಒಂದೇ. ದೇವರು ಎರಡನೇ ಸಲ ಜೀವ ಕೊಟ್ಟಿದ್ದಾನೆ. 54ರಲ್ಲಿ ಬುಲೆಟ್ ಯಾಕೆ ಬೇಕು? ಸೆಕೆಂಡ್ ಹ್ಯಾಂಡ್ ಆಲ್ಟೋ ತಗೊಳ್ಳಿ. ಹೆಂಡತಿ ಮಕ್ಕಳ ಬಗ್ಗೆ ಯೋಚನೆ ಮಾಡಿ. ಅಪ್ಪು ಹೋದ ಮೇಲೂ ನಮಗೆ ಬುದ್ಧಿ ಬಂದಿಲ್ಲ.

ತುಮಕೂರು_ಟಾಪ್‌ಗೇರ್
ಅಪ್ಪುಗೂ ಬುಲೆಟ್‌ಗೂ ಏನು ಸಂಬಂಧ ಸರ್? 2021ರಲ್ಲಿ ಅವರು ತೀರಿಕೊಂಡಾಗ ಜನ ಹೃದಯ ತೋರಿಸಿಕೊಳ್ಳಲು ಜಯದೇವದ ಮುಂದೆ ಸಾಲು ನಿಂತರು. ಅದು ಒಳ್ಳೆಯದೇ ಆಯ್ತು. ಅದನ್ನು ತಂದು ಇಲ್ಲಿ ಸೇರಿಸಬೇಡಿ.

ನೇರಮಾತು
ಸಂಬಂಧ ಇದೆ. ಹೃದಯ ಅಂದರೆ ಆಟ ಅಲ್ಲ ಅಂತ.

ಮೈಸೂರು_ಯೆಜ್ಡಿ
ಆಟ ಅಂತ ಯಾರೂ ಹೇಳಿಲ್ಲ ಸ್ವಾಮಿ. ಮೂರು ತಿಂಗಳು ಮನೆಯೊಳಗೆ ಕೂತವನಿಗೆ ಗೊತ್ತು. ಬೈಪಾಸ್ ಆದ ಮೇಲೆ ಎಷ್ಟೋ ಜನಕ್ಕೆ ಮನಸ್ಸು ಕುಗ್ಗುತ್ತೆ. ಕಾರಣ ಇಲ್ಲದೆ ಅಳು ಬರುತ್ತೆ, ನಿದ್ದೆ ಬರಲ್ಲ. ನನಗೆ ಡಾಕ್ಟರ್ ಅದಕ್ಕೂ ಮಾತ್ರೆ ಬರೆದರು. ಆಗ "ಮುಂದೆ ಗಾಡಿ ಹತ್ತುತ್ತೇನೆ" ಅನ್ನುವುದೇ ನನ್ನನ್ನು ದಿನಾ ಬೆಳಿಗ್ಗೆ ವಾಕಿಂಗಿಗೆ ಎಬ್ಬಿಸುತ್ತಿತ್ತು. ಆಲ್ಟೋ ನೆನೆದುಕೊಂಡು ಯಾರೂ ಬೆಳಿಗ್ಗೆ ಐದೂವರೆಗೆ ಏಳಲ್ಲ.

ಅಪ್ಪನ_ಮಗಳು
ಮೇಲಿನ ಇಬ್ಬರ ಮಾತಿನ ಮಧ್ಯೆ ಬರುತ್ತಿದ್ದೇನೆ, ಬೇಜಾರಾಗಬೇಡಿ. ನಾನು ಕೀ ಬಚ್ಚಿಟ್ಟವರ ಕಡೆಯವಳು.

ನಮ್ಮ ಅಪ್ಪನಿಗೂ ಬೈಪಾಸ್ ಆಗಿದೆ, ಊರು ಶಿವಮೊಗ್ಗ. ಅವರು ಹೇಳದೆ ಕೇಳದೆ ಪಕ್ಕದ ಮನೆಯವರ ಸ್ಕೂಟರ್ ತೆಗೆದುಕೊಂಡು ಹಾಲು ತರಲು ಹೋಗಿದ್ದರು. ಆಗಿನ್ನೂ ಎದೆಗೆ ದಿಂಬು ಒತ್ತಿಕೊಂಡು ಕೆಮ್ಮುತ್ತಿದ್ದ ಕಾಲ. ಏನೂ ಆಗಲಿಲ್ಲ, ನಗುತ್ತಾ ಬಂದರು. ಅಮ್ಮ ಮಾತ್ರ ಎರಡು ದಿನ ಅಡುಗೆ ಮನೆಯಿಂದ ಹೊರಗೆ ಬಂದು ಅವರ ಮುಖ ನೋಡಲಿಲ್ಲ. ನೀವೆಲ್ಲ ಮೂಳೆ, ತಂತಿ ಅಂತ ಮಾತಾಡುತ್ತೀರಿ. ಐಸಿಯು ಹೊರಗೆ ಕುರ್ಚಿ ಮೇಲೆ ಕೂತವರ ಕಥೆ ಯಾರೂ ಕೇಳಲ್ಲ. ಹಾಸನದ ಅಂಕಲ್, ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಆಂಟಿಯನ್ನೂ ಒಳಗೆ ಕರೆದುಕೊಂಡು ಹೋಗಿ. ಡಾಕ್ಟರ್ "ಓಡಿಸಬಹುದು" ಅನ್ನುವುದನ್ನು ಅವರು ತಮ್ಮ ಕಿವಿಯಲ್ಲೇ ಕೇಳಲಿ. ನೀವು ಬಂದು ಹೇಳಿದರೆ ನಂಬಲ್ಲ. ನಾನೂ ನಂಬುತ್ತಿರಲಿಲ್ಲ.

ರೋಡ್_ರಾಜ
ಇದು ಸರಿಯಾದ ಮಾತು.

ಲೆಸ್ಟರ್_ಕನ್ನಡಿಗ
ಇಂಗ್ಲೆಂಡಿನಿಂದ ಒಂದು ಮಾಹಿತಿ. ಇಲ್ಲಿ ಡಿವಿಎಲ್‌ಎ ಅಂತ ಲೈಸೆನ್ಸ್ ಇಲಾಖೆ ಇದೆ. ಅವರ ಪ್ರಕಾರ ಬೈಪಾಸ್ ಆದವರು ಕಾರು, ಬೈಕು ಎರಡನ್ನೂ ಕನಿಷ್ಠ 4 ವಾರ ಓಡಿಸಬಾರದು. ಆಮೇಲೆ ಬೇರೆ ತೊಂದರೆ ಇಲ್ಲದಿದ್ದರೆ ಓಡಿಸಬಹುದು, ಇಲಾಖೆಗೆ ತಿಳಿಸಲೂ ಬೇಕಿಲ್ಲ. ಬಸ್ಸು, ಲಾರಿ ಲೈಸೆನ್ಸ್ ಇದ್ದವರಿಗೆ ಮಾತ್ರ 3 ತಿಂಗಳು, ಜೊತೆಗೆ ಟ್ರೆಡ್‌ಮಿಲ್ ತರಹದ ಪರೀಕ್ಷೆ ಪಾಸಾಗಬೇಕು. ಹಾಗಾಗಿ ಮೂರು ತಿಂಗಳು ಅನ್ನುವುದು ಸ್ವಲ್ಪ ಅತಿ ಜಾಗ್ರತೆ ಇರಬಹುದು.

ಓಟಿ_ಸಿಸ್ಟರ್
> ಮೂರು ತಿಂಗಳು ಅನ್ನುವುದು ಸ್ವಲ್ಪ ಅತಿ ಜಾಗ್ರತೆ

ಸರ್, ಅದು ಕಾನೂನಿನ ಕನಿಷ್ಠ ಮಿತಿ. ನಾಲ್ಕು ವಾರಕ್ಕೆ ಮೂಳೆ ಕೂಡಿರುತ್ತೆ ಅಂತ ಅದರ ಅರ್ಥ ಅಲ್ಲ. ಕಾರಿನಲ್ಲಿ ಸ್ಟೀರಿಂಗ್ ತಿರುಗಿಸುವುದಕ್ಕೂ ಬೈಕ್ ಬೀಳದಂತೆ ತಡೆಯುವುದಕ್ಕೂ ವ್ಯತ್ಯಾಸ ಇಲ್ವಾ? ಇಂಗ್ಲೆಂಡಿನ ಸರ್ಜನ್‌ಗಳೂ ಭಾರದ ವಿಷಯದಲ್ಲಿ ಮೂರು ತಿಂಗಳು ಕಾಯಿರಿ ಅಂತಲೇ ಹೇಳುತ್ತಾರೆ.

ಮಂಗಳೂರು_ಮಳೆ
ಲೆಸ್ಟರ್‌ನಲ್ಲಿ ರಸ್ತೆ ಉಂಟು ಮಾರಾಯ್ರೆ. ನಮ್ಮಲ್ಲಿ ಗುಂಡಿ, ಗುಂಡಿಯ ಮಧ್ಯೆ ಹಂಪ್ಸು, ಹಂಪ್ಸಿಗೆ ಬಣ್ಣ ಇಲ್ಲ. ರಾತ್ರಿ ಕಾಣದೆ ಹಾರಿದರೆ ಆಪರೇಷನ್ ಆಗದವನ ಎದೆಯೇ ಬಾಯಿಗೆ ಬರ್ತದೆ.

ಲೆಸ್ಟರ್_ಕನ್ನಡಿಗ
ಒಪ್ಪಿದೆ 🙏 ಇಲ್ಲೂ ಗುಂಡಿ ಇವೆ, ಆದರೆ ನಿಮ್ಮ ಮಟ್ಟಕ್ಕಿಲ್ಲ.

ಮಂಡ್ಯ_ಎಕ್ಸೆಲ್
ನಂಗೂ ಹಾರ್ಟ್ ಆಪರೇಷನ್ ಆಗಿದೆ ಸ್ವಾಮಿ. ಕೈ ಮಣಿಕಟ್ಟಿಂದ ತಂತಿ ತೂರಿಸಿ ಸ್ಟೆಂಟ್ ಹಾಕಿದರು. ಒಂದೆರಡು ವಾರಕ್ಕೆಲ್ಲ ಎಕ್ಸೆಲ್ ಮೇಲೆ ಕಬ್ಬಿನ ಗದ್ದೆಗೆ ಹೋದೆ. ಹಿಂದುಗಡೆ ಹುಲ್ಲಿನ ಹೊರೆ ಬೇರೆ. ಏನೂ ಆಗಲಿಲ್ಲ. ಸುಮ್ನೆ ಹೆದರಿಸುತ್ತಾರೆ.

ಓಟಿ_ಸಿಸ್ಟರ್
ಅಣ್ಣಾ, ಸ್ಟೆಂಟ್ ಬೇರೆ, ಬೈಪಾಸ್ ಬೇರೆ. ನಿಮ್ಮ ಎದೆಮೂಳೆ ಕೊಯ್ದಿಲ್ಲ. ದಯವಿಟ್ಟು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಿಮ್ಮನ್ನು ನೋಡಿ ಇನ್ನೊಬ್ಬರು ಹುಲ್ಲಿನ ಹೊರೆ ಹೊತ್ತರೆ ಕಷ್ಟ.

ಮಂಡ್ಯ_ಎಕ್ಸೆಲ್
ಸರಿ ಸಿಸ್ಟರ್. ನಂಗೆ ಎರಡೂ ಒಂದೇ ಅನ್ಕೊಂಡಿದ್ದೆ.

ಗ್ಯಾರೇಜ್_ಬಾಬಣ್ಣ
ಮೆಕ್ಯಾನಿಕ್ ಮಾತು ಸ್ವಲ್ಪ ಕೇಳಿ. ಹಳೇ ಬುಲೆಟ್ ರಿಪೇರಿ ಮಾಡಿಯೇ ತಲೆ ನರೆತಿದೆ.

ಹಾಸನದ ಸರ್, ನಿಮ್ಮ ಗಾಡಿಯಲ್ಲಿ ತೊಂದರೆ ಮೂರು ಕಡೆ. ಮೊದಲನೆಯದು ಕಿಕ್ಕು. ಬಲಗಾಲಲ್ಲಿ ಹೊಡೆಯುತ್ತೀರಿ ಸರಿ, ಆದರೆ ಆ ಕ್ಷಣ ಮೈಭಾರ ಪೂರ್ತಿ ಎಡಗಾಲ ಮೇಲೆ. ರಕ್ತನಾಳ ತೆಗೆದಿದ್ದು ಅದೇ ಕಾಲಿಂದ. ಎರಡೂ ಕೈ ಹ್ಯಾಂಡಲ್ ಎಳೆದು ಹಿಡಿದಿರುತ್ತೆ. ಎಂಜಿನ್ನಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಒತ್ತಿ, ಆಂಪ್ ಮೀಟರ್ ಮುಳ್ಳು ಮಧ್ಯಕ್ಕೆ ಬರುವವರೆಗೆ ಕಿಕ್ಕರನ್ನು ನಿಧಾನ ಇಳಿಸಿ, ಆಮೇಲೆ ಒಂದೇ ಏಟು. ಇದು ನಿಮಗೆ ಗೊತ್ತೇ ಇದೆ. ಆದರೆ ಪಾಯಿಂಟ್ ಸರಿ ಇಲ್ಲದೆ ಟೈಮಿಂಗ್ ಮುಂದೆ ಹೋಗಿದ್ದರೆ, ಅಂದರೆ ಕಿಡಿ ಬೇಗ ಹೊತ್ತಿದರೆ, ಕಿಕ್ಕರ್ ವಾಪಸ್ ಹೊಡೆಯುತ್ತೆ. ಆ ಏಟಿಗೆ ಗಟ್ಟಿಮುಟ್ಟಾದ ಹುಡುಗರೇ ಕುಂಟಿಕೊಂಡು ಹೋಗಿದ್ದನ್ನು ನೋಡಿದ್ದೇನೆ.

ಎರಡು, ಕ್ಲಚ್. ಹಳೇದರಲ್ಲಿ ಗಟ್ಟಿ. ಕೇಬಲ್ ಬದಲಿಸಿ, ಎಣ್ಣೆ ಬಿಡಿಸಿ, ಕೇಬಲ್ ಎಲ್ಲೂ ಮಡಚದ ಹಾಗೆ ದಾರಿ ಮಾಡಿಸಿ. ಅರ್ಧ ಭಾರ ಅಲ್ಲೇ ಇಳಿಯುತ್ತೆ. ಕ್ಲಚ್ ಹಿಡಿಯುವುದಕ್ಕೆ ಕಿರುಬೆರಳು ಬೇಡ ಅಂತ ಅನೇಕರು ಅಂದುಕೊಂಡಿದ್ದಾರೆ, ಲಿವರ್ ತುದಿಯಲ್ಲಿ ಬಲ ಬೀಳುವುದು ಅಲ್ಲೇ.

ಮೂರು, ಸ್ಟ್ಯಾಂಡು. ಯೆಜ್ಡಿ ಸರ್ ಹೇಳಿದ್ದಾರೆ. ಹಳೇ ಬುಲೆಟ್‌ಗೆ ಸೆಲ್ಫ್ ಹಾಕಿಸುತ್ತೇನೆ ಅನ್ನುವವರು ಬರುತ್ತಾರೆ. ಮಾಡಿಕೊಡುತ್ತಾರೆ, ಆದರೆ ನಿಮ್ಮ ಎಂಜಿನ್ ಕೆಡಿಸಬೇಡಿ. ಅದರ ಬದಲು ಒಂದು ವರ್ಷ ಬೇರೆ ಗಾಡಿ ಓಡಿಸಿ. ಬುಲೆಟ್ ಕಂಪನಿಯದೇ ಹೊಸ ಕ್ಲಾಸಿಕ್‌ನಲ್ಲಿ ಸೆಲ್ಫ್ ಇದೆ, ಕಿಕ್ಕೇ ಇಲ್ಲ, ಆದರೆ ತೂಕ 195 ಕೆಜಿ. ಸ್ಪ್ಲೆಂಡರ್ ಸುಮಾರು 112. ಹೋಂಡಾ ಆಕ್ಟಿವಾ ಇನ್ನೂ ಕಡಿಮೆ, ಗೇರ್ ಕ್ಲಚ್ ರಗಳೆಯೇ ಇಲ್ಲ.

ತುಮಕೂರು_ಟಾಪ್‌ಗೇರ್
ಬುಲೆಟ್ ಸವಾರನಿಗೆ ಆಕ್ಟಿವಾ ಓಡಿಸು ಅನ್ನುವುದು ಬೈಪಾಸಿಗಿಂತ ದೊಡ್ಡ ಆಪರೇಷನ್ 😂

ಮೈಸೂರು_ಯೆಜ್ಡಿ
ಬಾಬಣ್ಣ, ನಮ್ಮ ಯೆಜ್ಡಿಯಲ್ಲಿ ಈ ತಲೆನೋವೇ ಇಲ್ಲ. ಗೇರ್ ಲಿವರನ್ನೇ ಮೇಲೆ ತಿರುಗಿಸಿದರೆ ಅದೇ ಕಿಕ್ಕರ್. ಮೆಲ್ಲಗೆ ಒತ್ತಿದರೂ ಸ್ಟಾರ್ಟ್.

ಗ್ಯಾರೇಜ್_ಬಾಬಣ್ಣ
ಮೆಲ್ಲಗೆ ಒತ್ತಿದರೆ ಸ್ಟಾರ್ಟ್, ಎರಡು ಕಿಲೋಮೀಟರ್ ಆದ ಮೇಲೆ ಪ್ಲಗ್ ಕ್ಲೀನ್ 😄

ಮೈಸೂರು_ಯೆಜ್ಡಿ
ಪ್ಲಗ್ ಕ್ಲೀನ್ ಮಾಡುವುದು ಗೊತ್ತಿಲ್ಲದವರು ಹೇಳುವ ಮಾತು. 1996ರಲ್ಲಿ ಮೈಸೂರಿನ ಫ್ಯಾಕ್ಟರಿ ಮುಚ್ಚಿತು, ನನ್ನ ರೋಡ್‌ಕಿಂಗ್ ಇನ್ನೂ ಓಡುತ್ತಿದೆ. ನಿಮ್ಮ ಬುಲೆಟ್ ಎಣ್ಣೆ ಸೋರಿಸಿಕೊಂಡು ನಿಂತ ಜಾಗದಲ್ಲಿ ನೆಲ ಕಪ್ಪಾಗಿರುತ್ತೆ.

ಕೊಪ್ಪಳ_ಕಿಕ್ಕರ್
ಆರ್‌ಎಕ್ಸ್ 100 ಹೆಸರು ಯಾರೂ ತೆಗೆಯಲಿಲ್ವಾ? ಹಗುರ ಗಾಡಿ, ಮಕ್ಕಳೂ ಕಿಕ್ ಹೊಡೆಯಬಹುದು.

ನಿರ್ವಾಹಕ
ಯೆಜ್ಡಿ-ಬುಲೆಟ್-ಆರ್‌ಎಕ್ಸ್ ಯುದ್ಧಕ್ಕೆ ಬೇರೆ ಎಳೆ ಇದೆ. ಅಲ್ಲಿ ಹೋಗಿ ಹೊಡೆದಾಡಿ.

ಹುಬ್ಬಳ್ಳಿ_ಹೈವೇ
ನಮಸ್ಕಾರ್ರೀ. ನಂದು ಬೈಪಾಸ್ ಅಲ್ಲ, ಹೃದಯದ ವಾಲ್ವ್ ಬದಲಿ. ಸಣ್ಣವನಿದ್ದಾಗ ಗಂಟಲು ನೋವು, ಕೀಲು ನೋವು, ಜ್ವರ ಬಂದಿತ್ತು. ಅದೇ ಮುಂದೆ ವಾಲ್ವ್ ಕೆಡಿಸಿತ್ತು. ಈಗ ಒಳಗೆ ಲೋಹದ ವಾಲ್ವ್. ಫುಲ್ ಫೇಸ್ ಹೆಲ್ಮೆಟ್ ಹಾಕಿಕೊಂಡು ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಿದರೆ ನನ್ನ ವಾಲ್ವ್ ಟಿಕ್ ಟಿಕ್ ಅನ್ನುವುದು ನನಗೇ ಕೇಳುತ್ತೆ. ಮೊದಮೊದಲು ಟ್ಯಾಪೆಟ್ ಸದ್ದು ಅಂತ ಗಾಡಿ ಕಡೆ ಬಗ್ಗಿ ನೋಡುತ್ತಿದ್ದೆ.

ನನ್ನಂಥವರಿಗೆ ಎದೆಮೂಳೆ ಮೂರು ತಿಂಗಳ ಮಾತು. ರಕ್ತ ತೆಳು ಮಾಡುವ ಮಾತ್ರೆ ಜೀವನಪೂರ್ತಿ. ವಾರ್ಫರಿನ್ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರೆ ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತ ಸೋರಬಹುದು. ತಲೆಗೆ ಏಟು ಬಿದ್ದರೆ "ಏನೂ ಆಗಿಲ್ಲ" ಅಂತ ಮನೆಗೆ ಹೋಗಬಾರದು, ಸೀದಾ ಆಸ್ಪತ್ರೆ, ಸ್ಕ್ಯಾನ್. ನಾನು ಮಾಡುವುದು ಇಷ್ಟು. ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್, ಪಟ್ಟಿ ಬಿಗಿದು. ಅರ್ಧ ಟೋಪಿ ಹೆಲ್ಮೆಟ್ ಪೊಲೀಸರಿಗೆ ತೋರಿಸಲಿಕ್ಕೂ ಬೇಡ. ಪರ್ಸಿನಲ್ಲಿ ಡಿಎಲ್ ಪಕ್ಕ ಒಂದು ಚೀಟಿ. ಅದರ ಮೇಲೆ ವಾಲ್ವ್ ಆಗಿದೆ, ವಾರ್ಫರಿನ್ ಇಷ್ಟು ಮಿಲಿಗ್ರಾಂ, ರಕ್ತದ ಗುಂಪು, ಹೆಂಡತಿ ನಂಬರ್. ಅಂಥದೇ ಇನ್ನೊಂದು ಚೀಟಿ ಹೆಲ್ಮೆಟ್ ಒಳಗೆ. ಐಎನ್‌ಆರ್ (ರಕ್ತ ಎಷ್ಟು ತೆಳು ಇದೆ ಅಂತ ನೋಡುವ ಟೆಸ್ಟ್) ಹಾದಿ ತಪ್ಪಿದ ವಾರ ಗಾಡಿ ಬಂದ್.

ಮೈಕೈ ನೋವು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ನುಂಗಬೇಡಿ. ವಾರ್ಫರಿನ್ ಜೊತೆ ಅದು ಹೊಟ್ಟೆಯಲ್ಲಿ ರಕ್ತ ಸೋರಿಸುತ್ತೆ.

ಬಯಲುಸೀಮೆ_ಬಾಲು
ಸೊಪ್ಪು ತಿನ್ನಬಾರದು ಅಂತಾರಲ್ಲ, ಹೌದಾ?

ಹುಬ್ಬಳ್ಳಿ_ಹೈವೇ
ತಿನ್ನಬಾರದು ಅಂತಲ್ಲ. ಇವತ್ತು ಬುಟ್ಟಿ ಪಾಲಕ್, ನಾಳೆ ಶೂನ್ಯ ಅಂತ ಮಾಡಬಾರದು. ವಾರಕ್ಕೆ ಎಷ್ಟು ತಿನ್ನುತ್ತೀರೋ ಅಷ್ಟೇ ಹದದಲ್ಲಿ ಇರಬೇಕು. ಸೊಪ್ಪಿನ ವಿಟಮಿನ್ ಕೆ ಮಾತ್ರೆಗೆ ಎದುರು ಕೆಲಸ ಮಾಡುತ್ತೆ. ರೊಟ್ಟಿ ಜೊತೆ ಮೆಂತ್ಯ ಪಲ್ಯ ಬಿಡು ಅಂದರೆ ಉತ್ತರ ಕರ್ನಾಟಕದವನು ಬದುಕಿರುತ್ತಾನೇನ್ರೀ?

ಪ್ರಕೃತಿ_ಪ್ರಿಯ
ಅರ್ಜುನ ತೊಗಟೆ ಕಷಾಯ ಕುಡಿಯಿರಿ. ಬೈಪಾಸೇ ಬೇಕಿರಲಿಲ್ಲ. ನನ್ನ ಪರಿಚಯದವರು ಮಾತ್ರೆ ಎಲ್ಲ ಬಿಟ್ಟು ಇದರಲ್ಲೇ ಇದ್ದಾರೆ.

ಓಟಿ_ಸಿಸ್ಟರ್
ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಬೈಪಾಸ್ ಆದವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎಕೋಸ್ಪ್ರಿನ್ ತರಹದ ಮಾತ್ರೆ ತಾವಾಗಿಯೇ ನಿಲ್ಲಿಸಿದರೆ ಹೊಸದಾಗಿ ಹಾಕಿದ ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು. ಕಷಾಯ, ಬೇರು, ಪುಡಿ ಏನೇ ಇದ್ದರೂ ಡಾಕ್ಟರಿಗೆ ತೋರಿಸಿ ಕೇಳಿ. ರಕ್ತ ತೆಳು ಮಾಡುವ ಮಾತ್ರೆ ಇರುವವರಂತೂ ಕೇಳದೆ ಒಂದು ಚಮಚವೂ ಬೇಡ.

ನಿರ್ವಾಹಕ
ಮಾತ್ರೆ ನಿಲ್ಲಿಸಿ ಅನ್ನುವ ಸಲಹೆಗಳನ್ನು ಇನ್ನು ಮುಂದೆ ಅಳಿಸಲಾಗುತ್ತೆ.

ಹಾಸನದ_ಬುಲೆಟ್
ಇಷ್ಟು ಜನ ಬರೆದಿದ್ದೀರಿ, ತುಂಬಾ ಖುಷಿ ಆಯ್ತು. ಎಲ್ಲ ಓದಿದೆ. ಮನೆಯವಳೂ ಓದಿದಳು. "ಅಪ್ಪನ ಮಗಳು ಬರೆದಿದ್ದೇ ಸರಿ, ಉಳಿದವರೆಲ್ಲ ನಿಮ್ಮ ಹಾಗೇ" ಅಂದಳು.

ಕೆಲವು ಉತ್ತರ. ಶುಗರ್ ಇದೆ, ಮಾತ್ರೆಯಲ್ಲಿ ಹಿಡಿತದಲ್ಲಿದೆ. ಸಿಗರೇಟ್ ಆಪರೇಷನ್ ಹಿಂದಿನ ದಿನದಿಂದ ಇಲ್ಲ. ಎದೆಯಲ್ಲಿ ಸದ್ದು ಇಲ್ಲ. ಕುರ್ಚಿಯಿಂದ ಫಕ್ಕನೆ ಎದ್ದರೆ ಒಂದು ಕ್ಷಣ ಕಣ್ಣು ಕತ್ತಲೆ ಬರುತ್ತೆ, ಇದು ಯಾಕೆ? ಇನ್ನೊಂದು, ಹೆಸರು ಮರೆತು ಹೋಗುತ್ತೆ. ಪಕ್ಕದ ಮನೆ ಮೇಷ್ಟ್ರ ಹೆಸರೇ ಮೊನ್ನೆ ಬಾಯಿಗೆ ಬರಲಿಲ್ಲ.

ಓಟಿ_ಸಿಸ್ಟರ್
ಕಣ್ಣು ಕತ್ತಲೆ ಬರುವುದು ಬಿಪಿ ಮಾತ್ರೆಯಿಂದ ಇರಬಹುದು. ಮೆಟೊಪ್ರೊಲಾಲ್ ತರಹದವು ಹೃದಯದ ಬಡಿತ ಇಳಿಸುತ್ತವೆ, ಬಿಪಿಯೂ ಇಳಿಯುತ್ತೆ. ಎದ್ದು ನಿಂತಾಗಿನ ಬಿಪಿ ನೋಡಿಸಿ, ಡೋಸ್ ಬದಲಿಸಬಹುದು. ಅದು ನಿಲ್ಲುವವರೆಗೆ ಗಾಡಿ ಮಾತೇ ಬೇಡ. ಎದೆ ಗಟ್ಟಿ ಇದ್ದು ತಲೆ ಸುತ್ತಿದರೂ ಬೀಳುವುದೇ ತಾನೆ?

ಮರೆವು ಕೆಲವರಿಗೆ ಬರುತ್ತೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಕಡಿಮೆ ಆಗುತ್ತೆ. ಗಾಡಿ ಹತ್ತುವ ಮೊದಲು ಯಾರಾದರೂ ಓಡಿಸುವ ಕಾರಿನಲ್ಲಿ ಪಕ್ಕ ಕೂತು ರಸ್ತೆ ನೋಡಿ. ಎದುರಿಗೆ ಬರುವುದು, ಪಕ್ಕದಿಂದ ನುಗ್ಗುವುದು ಮೊದಲಿನ ಹಾಗೆ ಗಮನಕ್ಕೆ ಬರುತ್ತಾ ಅಂತ ನಿಮಗೇ ತಿಳಿಯುತ್ತೆ. ಸೀಟ್ ಬೆಲ್ಟ್ ಎದೆಗೆ ಒತ್ತಿದರೆ ಮಧ್ಯೆ ಸಣ್ಣ ದಿಂಬು ಇಡಿ, ಬೆಲ್ಟ್ ಮಾತ್ರ ಬಿಚ್ಚಬೇಡಿ.

ಮಂಗಳೂರು_ಮಳೆ
ಹಿಂದೆ ಕೂತು ಹೋಗಬಹುದಾ? ಓಡಿಸುವುದಕ್ಕಿಂತ ಅದು ವಾಸಿ ಅಲ್ವಾ?

ಮೈಸೂರು_ಯೆಜ್ಡಿ
ವಾಸಿ ಅಲ್ಲ ಸರ್. ಹಿಂದೆ ಕೂತವನಿಗೆ ಹಂಪ್ಸ್ ಮೊದಲೇ ಕಾಣಲ್ಲ, ಮೈ ಬಿಗಿ ಹಿಡಿಯಲು ಸಮಯ ಇಲ್ಲ. ಬ್ರೇಕ್ ಬಿದ್ದರೆ ಎದೆ ಸೀದಾ ಮುಂದಿನವನ ಬೆನ್ನಿಗೆ. ನನ್ನ ಮಗನ ಹಿಂದೆ ಒಮ್ಮೆ ಕೂತೆ. ಇಳಿದ ಮೇಲೆ ಅವನಿಗೆ ಬೈದಿದ್ದು ಇವತ್ತಿಗೂ ನೆನಪಿದೆ.

ಬೆನ್ನಿಗೆ ಬ್ಯಾಗ್ ಹಾಕಬೇಡಿ, ಅದೂ ಮುಖ್ಯ. ಪಟ್ಟಿ ಎರಡು ಹೆಗಲನ್ನೂ ಹಿಂದಕ್ಕೆ ಎಳೆಯುತ್ತೆ, ಗಾಯದ ಜಾಗ ಬಿಗಿಯುತ್ತೆ. ಏನಿದ್ದರೂ ಸೀಟಿಗೆ ಕಟ್ಟಿ. ಜಾಕೆಟ್ಟಿನ ಜಿಪ್ ಸರಿಯಾಗಿ ಗಾಯದ ಗೆರೆ ಮೇಲೇ ಬರುತ್ತೆ. ಒಳಗೆ ಮೆತ್ತಗಿನ ಕಾಟನ್ ಬನಿಯನ್ ಹಾಕಿ, ಇಲ್ಲದಿದ್ದರೆ ತುರಿಕೆ ತಡೆಯಕ್ಕಾಗಲ್ಲ.

ಆರ್‌ಟಿಒ_ಪಕ್ಕದಮನೆ
ಕಾಗದ ಪತ್ರದ ವಿಷಯ ಯಾರೂ ಹೇಳಲಿಲ್ಲ. 40 ದಾಟಿದವರು ಡಿಎಲ್ ನವೀಕರಣಕ್ಕೆ ಫಾರಂ 1ಎ ಕೊಡಬೇಕು. ಅದು ಡಾಕ್ಟರ್ ಸಹಿ ಮಾಡುವ ವೈದ್ಯಕೀಯ ಪ್ರಮಾಣಪತ್ರ. ಎಷ್ಟೋ ಜನ ಆರ್‌ಟಿಒ ಮುಂದಿನ ಅಂಗಡಿಯಲ್ಲಿ ಮುಖ ನೋಡದೆ ಸಹಿ ಹಾಕಿಸಿಕೊಂಡು ಬರುತ್ತಾರೆ. ನೀವು ಹಾಗೆ ಮಾಡಬೇಡಿ. ಮೋಟಾರು ವಾಹನ ಕಾಯ್ದೆಯ 186ನೇ ಸೆಕ್ಷನ್ ಪ್ರಕಾರ, ಓಡಿಸಲು ಮೈ ಸರಿ ಇಲ್ಲ ಅಂತ ಗೊತ್ತಿದ್ದೂ ಗಾಡಿ ಓಡಿಸುವುದು ತಪ್ಪು. ನಿಮ್ಮ ಡಾಕ್ಟರ್ ಓಪಿಡಿ ಚೀಟಿಯಲ್ಲೇ "ದ್ವಿಚಕ್ರ ವಾಹನ ಓಡಿಸಬಹುದು" ಅಂತ ಒಂದು ಸಾಲು ಬರೆಸಿಕೊಳ್ಳಿ. ನಾಳೆ ಏನಾದರೂ ಆಗಿ ವಿಮೆ ಕಂಪನಿಯವರು ತಕರಾರು ತೆಗೆದರೆ ಕೈಯಲ್ಲಿ ಒಂದು ಕಾಗದ ಇರುತ್ತೆ.

ನೇರಮಾತು
ನೋಡಿ, ಇಷ್ಟೆಲ್ಲ ತಾಪತ್ರಯ. ಆಲ್ಟೋಗೆ ಇದ್ಯಾವುದೂ ಬೇಡ.

ಆರ್‌ಟಿಒ_ಪಕ್ಕದಮನೆ
ಆಲ್ಟೋಗೂ ಡಿಎಲ್ ಬೇಕು ಸ್ವಾಮಿ.

ಘಟ್ಟದ_ಸವಾರ
ಬಿಸಿಲೆ ಆಸೆ ಬಗ್ಗೆ ಹೇಳುತ್ತೇನೆ. ನಾನು ಸಕಲೇಶಪುರದವನು, ಆ ದಾರಿ ಮನೆ ಅಂಗಳದ ಹಾಗೆ. ಬಿಸಿಲೆಯನ್ನು ಸದ್ಯಕ್ಕೆ ಬಿಡಿ. ಕಾಡಿನ ದಾರಿ, ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ಎದೆ ನೋವು ಬಂದರೆ 108ಕ್ಕೆ ಕರೆ ಮಾಡಲಿಕ್ಕೇ ಊರು ಹುಡುಕಬೇಕು. ಹಾಸನದಿಂದ ಸಕಲೇಶಪುರ ಹೆದ್ದಾರಿಯಲ್ಲಿ ಬನ್ನಿ, ಅಲ್ಲೇ ಕಾಫಿ ಕುಡಿದು ವಾಪಸ್ ಹೋಗಿ. ಅದೂ ಮಳೆಗಾಲ ಮುಗಿದ ಮೇಲೆ. ಶಿರಾಡಿ ಇಳಿಯುವುದು ಆಮೇಲೆ. ಲಾರಿಗಳ ಹಿಂದೆ ತೆವಳುತ್ತಾ ಕ್ಲಚ್ ಒತ್ತಿ ಬಿಟ್ಟು ಮಾಡುವುದರಲ್ಲಿ ನಿಮ್ಮ ಜೋಮು ಬೆರಳು ಸೋತು ಹೋಗುತ್ತೆ. ಚಾರ್ಮಾಡಿ, ಆಗುಂಬೆಯ ಹದಿನಾಲ್ಕು ತಿರುವು, ಇವೆಲ್ಲ ಮುಂದಿನ ವರ್ಷ.

ನೀರಿನ ಮಾತ್ರೆ ತೆಗೆದುಕೊಳ್ಳುತ್ತೀರಾ? ಮೂತ್ರ ಜಾಸ್ತಿ ಮಾಡಿಸುವಂಥದ್ದು? ನನ್ನ ದೊಡ್ಡಪ್ಪ ಅದನ್ನು ನುಂಗಿ ಬೆಳಿಗ್ಗೆ ನನ್ನ ಜೊತೆ ಹೊರಟರು. ಸಕಲೇಶಪುರದಿಂದ ಮೂಡಿಗೆರೆಗೆ ಹೋಗುವಷ್ಟರಲ್ಲಿ ಸಿಕ್ಕ ಕಾಫಿ ತೋಟಕ್ಕೆಲ್ಲ ಇಳಿದರು. ತೋಟದ ರೈಟರ್ ಒಬ್ಬ "ಯಾರ್ರೀ ನೀವು, ಸರ್ವೇ ಕಡೆಯವರಾ?" ಅಂತ ಕೇಳಿದ. ಹೊರಡುವ ದಿನ ಯಾವ ಹೊತ್ತಿಗೆ ನುಂಗಬೇಕು ಅಂತ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ತುಮಕೂರು_ಟಾಪ್‌ಗೇರ್
😂😂 ಸರ್ವೇ ಕಡೆಯವರು

ಹಾಸನದ_ಬುಲೆಟ್
ಎಲ್ಲರಿಗೂ ಒಂದು ಅಪ್‌ಡೇಟ್. ಮೂರು ತಿಂಗಳು ದಾಟಿತು. ಚೆಕಪ್‌ಗೆ ಹೋಗಿದ್ದೆ, ಮನೆಯವಳು ಒಳಗೆ ಬಂದಳು. ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಟ್ರೆಡ್‌ಮಿಲ್ ಪರೀಕ್ಷೆ) ಎರಡೂ ಮಾಡಿದರು. ಸರ್ಜನ್ ಎದೆಮೂಳೆ ಮೇಲೆ ಎರಡೂ ಹೆಬ್ಬೆರಳಿಟ್ಟು ಒತ್ತಿ, ಕೆಮ್ಮಿಸಿ ನೋಡಿದರು. "ಗಟ್ಟಿ ಇದೆ" ಅಂದರು. ಬಿಪಿ ಮಾತ್ರೆ ಅರ್ಧ ಮಾಡಿದ ಮೇಲೆ ಕಣ್ಣು ಕತ್ತಲೆ ಬರುವುದು ನಿಂತಿದೆ. ಮೇಷ್ಟ್ರ ಹೆಸರೂ ನೆನಪಾಯಿತು.

ಬೈಕ್ ಬಗ್ಗೆ ನಾನು ಬಾಯಿ ತೆರೆಯುವ ಮೊದಲೇ ಮನೆಯವಳು ಕೇಳಿದಳು. ಸರ್ಜನ್ ಹೇಳಿದ್ದು ಹೀಗೆ. ಸೆಲ್ಫ್ ಇರುವ ಹಗುರ ಗಾಡಿ ಈಗ ಓಡಿಸಬಹುದು, ಊರೊಳಗೆ, ಹಗಲು ಹೊತ್ತು. ಬುಲೆಟ್ ಆರು ತಿಂಗಳು ತುಂಬಿದ ಮೇಲೆ, ಅದೂ ಕಿಕ್ ಬೇರೆಯವರು ಹೊಡೆದುಕೊಡಬೇಕು. ಚೀಟಿಯಲ್ಲಿ ಬರೆಸಿಕೊಂಡೆ. ಅಲ್ಲಿಂದ ಭಾಮೈದನ ಮನೆಗೆ ಹೋಗಿ ಅವನ ಆಕ್ಟಿವಾ ತೆಗೆದುಕೊಂಡು ಬಂದೆವು. ತುಮಕೂರಿನವರು ನಗಬಹುದು. ಸ್ಟೇಡಿಯಂ ಸುತ್ತ ಒಂದು ಸುತ್ತು ಹಾಕಿದೆ. ಮೊದಲ ಹಂಪ್ಸ್ ಬಂದಾಗ ಹೊಟ್ಟೆ ತಣ್ಣಗಾಯಿತು, ದಾಟಿದ ಮೇಲೆ ಏನೂ ಅನ್ನಿಸಲಿಲ್ಲ. ಗೇಟಿನ ಹತ್ತಿರ ಮನೆಯವಳು ಡಬಲ್ ಸ್ಟ್ಯಾಂಡ್ ತಾನೇ ಹಾಕಿದಳು.

ಅಪ್ಪನ_ಮಗಳು
ಆಂಟಿಗೆ ನನ್ನ ಕಡೆಯಿಂದ ಒಂದು ಸಲಾಂ ಅಂಕಲ್ 😊

ತುಮಕೂರು_ಟಾಪ್‌ಗೇರ್
ನಗಲ್ಲ ಸರ್. ಹೆಲ್ಮೆಟ್ ಇತ್ತಲ್ವಾ?

ಹಾಸನದ_ಬುಲೆಟ್
ಇತ್ತು. ಫುಲ್ ಫೇಸ್. ಹುಬ್ಬಳ್ಳಿಯವರ ಚೀಟಿ ಐಡಿಯಾನೂ ಮಾಡಿದ್ದೇನೆ.

ಗ್ಯಾರೇಜ್_ಬಾಬಣ್ಣ
ಬುಲೆಟ್ ಮೂರು ತಿಂಗಳು ನಿಂತಿದ್ದರೆ ಪೆಟ್ರೋಲ್ ಖಾಲಿ ಮಾಡಿಸಿ, ಕಾರ್ಬುರೇಟರ್ ಬಿಚ್ಚಿ ತೊಳೆಸಿ. ಭಾಮೈದ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದ್ದೇನೆ ಅಂದರೂ ತೊಳೆಸಿ.

ರಾಯಚೂರು_ರೈಡರ್
ನಮ್ಮ ಮಾವನಿಗೆ ಬೈಪಾಸ್ ಅಲ್ಲ, ಪೇಸ್‌ಮೇಕರ್ ಹಾಕಿದ್ದಾರೆ, ಎಡಗಡೆ. ಅವರಿಗೂ ಇದೇ ಮೂರು ತಿಂಗಳ ಲೆಕ್ಕನಾ? ಅವರು ಸ್ವಂತ ಗ್ಯಾರೇಜ್ ಇಟ್ಟವರು.

ಓಟಿ_ಸಿಸ್ಟರ್
ಅಲ್ಲ, ಅದರ ಲೆಕ್ಕ ಬೇರೆ. ಎದೆಮೂಳೆ ಕೊಯ್ದಿರಲ್ಲ. ಆದರೆ ಪೇಸ್‌ಮೇಕರಿನ ತಂತಿ ಹೃದಯದ ಒಳಗೆ ಗಟ್ಟಿಯಾಗಿ ಕೂರುವವರೆಗೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಆ ಕಡೆಯ ಕೈ ಭುಜಕ್ಕಿಂತ ಮೇಲೆ ಎತ್ತಬಾರದು, ಭಾರ ಎಳೆಯಬಾರದು. ಗ್ಯಾರೇಜಿನಲ್ಲಿ ಓಡುತ್ತಿರುವ ಎಂಜಿನ್ನಿನ ಇಗ್ನಿಷನ್ ಕಾಯಿಲ್ ಹತ್ತಿರ ಎದೆ ಬಗ್ಗಿಸಬಾರದು, ಒಂದು ಅಡಿಗಿಂತ ದೂರ ಇರಲಿ. ವೆಲ್ಡಿಂಗ್ ಮಾಡುತ್ತಾರಾ? ಮಾಡುವುದಾದರೆ ಪೇಸ್‌ಮೇಕರ್ ಚೆಕ್ ಮಾಡುವ ಕ್ಲಿನಿಕ್ಕಿನಲ್ಲಿ ಕೇಳದೆ ಬೇಡವೇ ಬೇಡ. ಶಾಕ್ ಕೊಡುವ ಐಸಿಡಿ ಆಗಿದ್ದರೆ ಗಾಡಿ ಓಡಿಸುವ ನಿಯಮವೇ ಬೇರೆ, ಅದಕ್ಕೆ ಹೊಸ ಎಳೆ ಶುರು ಮಾಡಿ. ಯಾವ ಸಾಧನ ಅಂತ ಕಾರ್ಡ್ ನೋಡಿ ಬರೆಯಿರಿ.

ರಾಯಚೂರು_ರೈಡರ್
ಕಾರ್ಡ್ ಅವರ ಹತ್ತಿರ ಇದೆ, ಸಂಜೆ ಕೇಳಿ ಹಾಕುತ್ತೇನೆ ಸಿಸ್ಟರ್. ವೆಲ್ಡಿಂಗ್ ಅವರೇ ಮಾಡುತ್ತಾರೆ. ಇವತ್ತು ಬೆಳಿಗ್ಗೆಯೂ ಮಾಡುತ್ತಿದ್ದರು.

ಓಟಿ_ಸಿಸ್ಟರ್
ಸಂಜೆ ತನಕ ಕಾಯಬೇಡಿ. ಈಗಲೇ ಫೋನ್ ಮಾಡಿ ನಿಲ್ಲಿಸಿ.